ನಿಮಗಿದು ಗೊತ್ತೆ? ಖಾಲಿ ಮಾತ್ರೆಗೆ ಸೋತ ಬೇರು
ಔಷಧವೇ ಇಲ್ಲದ ಮಾತ್ರೆ ನುಂಗಿದವರಲ್ಲೇ ಆತಂಕದಿಂದ ಹೊರಬಂದವರು ಹೆಚ್ಚು! ಸೋತದ್ದು ಆತಂಕಕ್ಕೆ ಮದ್ದೆಂದು ಹೆಸರಾದ ಕಾವಾ ಬೇರು.

ಕಾವಾ ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಕುಲದ್ದೇ ಗಿಡ. ಫಿಜಿ, ವನುವಾಟು ದ್ವೀಪಗಳಲ್ಲಿ ಇದರ ಬೇರನ್ನು ಕುಟ್ಟಿ, ನೀರಿನಲ್ಲಿ ಕಿವುಚಿ, ಸೋಸಿ ಕುಡಿಯುತ್ತಾರೆ. ಫಿಜಿಯಲ್ಲಿ ತೆಂಗಿನ ಚಿಪ್ಪೇ ಬಟ್ಟಲು. ಕೆಸರು ಬಣ್ಣದ ಆ ನೀರು ಬಾಯಿಗೆ ಬಿದ್ದರೆ ತುಟಿ, ನಾಲಿಗೆ ಜೋಮು ಹಿಡಿಯುತ್ತವೆ. ಸ್ವಲ್ಪ ಹೊತ್ತಿಗೆ ಮೈ ಸಡಿಲವಾಗುತ್ತದೆ.

2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಕಾವಾ ಗೆದ್ದಿತ್ತು. ಅದರಲ್ಲಿದ್ದವರು 75 ಮಂದಿ, ಅವಧಿ 6 ವಾರ. ಅದೇ ದೇಶದಲ್ಲಿ 171 ಮಂದಿಯಲ್ಲಿ ಕೆಲವರಿಗೆ ಕಾವಾ, ಉಳಿದವರಿಗೆ ಖಾಲಿ ಮಾತ್ರೆ 16 ವಾರ ಕೊಟ್ಟು ನೋಡಿದಾಗ ಕಾವಾ ಗೆಲ್ಲಲಿಲ್ಲ. 2020ರಲ್ಲಿ ಪ್ರಕಟವಾದ ಈ ಎರಡನೆಯ ವರದಿಯನ್ನೇ ಹೆಚ್ಚು ನಂಬಬೇಕು. ಏಕೆಂದರೆ ಇದರಲ್ಲಿ ಜನರೂ ಹೆಚ್ಚು, ಅವಧಿಯೂ ದೀರ್ಘ.

ಇನ್ನೊಂದು ಕಳವಳದ ಸಂಗತಿಯೂ ಇದೆ. ಈ ಎರಡನೆಯ ಅಧ್ಯಯನದಲ್ಲಿ ಕಾವಾ ತೆಗೆದುಕೊಂಡವರಲ್ಲಿ ಯಕೃತ್ತಿನ ರಕ್ತಪರೀಕ್ಷೆ ಏರುಪೇರಾದದ್ದು ಹೆಚ್ಚು. ಯಕೃತ್ತಿಗೆ ಹಾನಿಯಾಗುವ ಶಂಕೆಯಿಂದಲೇ ಜರ್ಮನಿ 2002ರಲ್ಲಿ ಕಾವಾ ಔಷಧಗಳನ್ನು ಮಾರುಕಟ್ಟೆಯಿಂದ ಹಿಂದೆಗೆಸಿತ್ತು. ಮದ್ಯಪಾನಿಗಳು, ಯಕೃತ್ತಿನ ತೊಂದರೆ ಇರುವವರು ಇದನ್ನು ಮುಟ್ಟಲೇಬಾರದು.