ನಿತ್ಯತ್ವವಾಚಕ ಶಬ್ದಗಳು: ಇಂಗ್ಲಿಷಿನ ಭೇದಗಳೂ ಕನ್ನಡದ ಪ್ರತಿಪದಗಳೂ

ಎಟರ್ನಲ್, ಎವರ್‌ಲಾಸ್ಟಿಂಗ್, ಪರ್ಪೆಚುಅಲ್, ಪರ್ಮನೆಂಟ್ ಎಂಬ ನಾಲ್ಕು ಇಂಗ್ಲಿಷ್ ಶಬ್ದಗಳಿಗೂ ಕನ್ನಡದಲ್ಲಿ ‘ಶಾಶ್ವತ’ವೆಂಬ ಒಂದೇ ಪ್ರತಿಪದವನ್ನು ಬಳಸುವ ರೂಢಿ ಬಲವಾಗಿ ಬೇರೂರಿದೆ. ದೇವರೂ ಶಾಶ್ವತ, ಕಚೇರಿಯ ಹುದ್ದೆಯೂ ಶಾಶ್ವತ, ಅರ್ಜಿಯಲ್ಲಿ ಬರೆಯುವ ವಿಳಾಸವೂ ಶಾಶ್ವತ ಎಂದಾಗ ಶಬ್ದವು ಸವೆಯುವುದಲ್ಲದೆ ಅರ್ಥವೂ ಕಲಸಿಹೋಗುತ್ತದೆ. ಈ ಭೇದಗಳನ್ನು ಹೇಳಬಲ್ಲ ಪದಗಳು ಕನ್ನಡದಲ್ಲಿ ಇಲ್ಲವೇ ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಇಂಗ್ಲಿಷ್ ಶಬ್ದಗಳ ಹುಟ್ಟನ್ನು ನೋಡತಕ್ಕದ್ದು. ಎಟರ್ನಲ್ ಎಂಬುದು ‘ಯುಗ, ಆಯುಷ್ಕಾಲ’ ಎಂಬರ್ಥದ ಲ್ಯಾಟಿನಿನ ಈವುಮ್ ಎಂಬ ಪದದಿಂದ ಬಂದುದು. ಪರ್ಪೆಚುಅಲ್ ಎಂಬುದರಲ್ಲಿ ನಡುವೆ ಕಡಿಯದೆ ಸಾಗುವ ಭಾವವಿದೆ. ಪರ್ಮನೆಂಟ್ ಎಂದರೆ ಕಡೆಯವರೆಗೆ ನಿಂತಿರುವುದು. ಎವರ್‌ಲಾಸ್ಟಿಂಗ್ ಎಂಬುದು ಅಚ್ಚ ಇಂಗ್ಲಿಷಿನ ಸಮಾಸ. ಅದರ ಉತ್ತರಪದದ ಮೂಲಾರ್ಥವು ಹೆಜ್ಜೆಯ ಜಾಡನ್ನು ಹಿಡಿದು ಹೋಗುವುದೆಂದು. ಕ್ರಿ. ಶ. 6ನೆಯ ಶತಮಾನದ ಆದಿಯಲ್ಲಿ ಬೊಯೀಥಿಯಸನು ಸೆರೆಯಲ್ಲಿದ್ದು ಬರೆದ ಲ್ಯಾಟಿನ್ ಗ್ರಂಥದ ಕಡೆಯ ಭಾಗದಲ್ಲಿ ಇವುಗಳೊಳಗಿನ ಮುಖ್ಯ ಭೇದವನ್ನು ನಿರ್ಣಯಿಸಿದನು. ಜಗತ್ತಿಗೆ ಆದಿಯೂ ಅಂತ್ಯವೂ ಇಲ್ಲವೆಂದು ಒಪ್ಪಿದರೂ ಅದು ಕ್ಷಣದಿಂದ ಕ್ಷಣಕ್ಕೆ ಸಾಗತಕ್ಕದ್ದಾದುದರಿಂದ ಪರ್ಪೆಚುಅಲ್ ಮಾತ್ರ. ಭೂತಭವಿಷ್ಯಗಳೆಲ್ಲ ಒಮ್ಮೆಗೇ ಕೈವಶವಾಗಿರುವ ದೇವರೊಬ್ಬನೇ ಎಟರ್ನಲ್ ಎಂಬುದು ಅವನ ಸಿದ್ಧಾಂತ.

ಭಾರತೀಯ ಶಾಸ್ತ್ರಕಾರರಿಗೆ ಈ ವಿಭಾಗವು ಹೊಸದಲ್ಲ. ಯೋಗಸೂತ್ರಗಳ ವ್ಯಾಸಭಾಷ್ಯದಲ್ಲಿಯೂ ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿಯೂ ನಿತ್ಯವು ಕೂಟಸ್ಥನಿತ್ಯ, ಪರಿಣಾಮಿನಿತ್ಯ ಎಂದು ಎರಡು ಬಗೆಯಾಗಿದೆ. ಕಮ್ಮಾರನ ಅಡಿಗಲ್ಲಿನಂತೆ ಪೆಟ್ಟುಗಳ ನಡುವೆ ತಾನು ಮಾರ್ಪಡದೆ ನಿಲ್ಲುವುದು ಮೊದಲನೆಯದು. ರೂಪವು ಮಾರ್ಪಡುತ್ತಿದ್ದರೂ ತತ್ತ್ವವು ಕೆಡದೆ ಮುಂದುವರಿಯುವುದು ಎರಡನೆಯದು. ಶಬ್ದಗಳ ವ್ಯುತ್ಪತ್ತಿಯೂ ಇಂಥ ಭೇದಗಳನ್ನು ಸೂಚಿಸುತ್ತದೆ. ‘ಶಾಶ್ವತ’ದ ಮೂಲವಾದ ಶಶ್ವತ್ ಎಂಬುದು ವೇದಭಾಷೆಯಲ್ಲಿ ಮತ್ತೆ ಮತ್ತೆ ಬರುವುದನ್ನು ಹೇಳುತ್ತದೆ, ‘ನಿತ್ಯ’ವು ಮೊದಲಲ್ಲಿ ತನ್ನದಾದುದು, ಒಳಗಿನದು ಎಂಬರ್ಥದ ಪದ, ‘ಸನಾತನ’ವು ಹಿಂದಿನ ಕಾಲದ ಕಡೆಗೆ ಮುಖಮಾಡಿದ ಪದ, ಮುಂದಿನ ಕಾಲವನ್ನು ಅದು ನೇರವಾಗಿ ಹೇಳುವುದಿಲ್ಲ.

ಟಿ. ಎಸ್. ವೆಂಕಣ್ಣಯ್ಯನವರ (1885–1939) ಮತ್ತು ತ. ರಾ. ಸುಬ್ಬರಾಯರ (1920–1984) ಹೆಸರುಗಳ ಮೊದಲಕ್ಷರದಿಂದ ಸಾಹಿತ್ಯಪ್ರಿಯರಿಗೆ ಪರಿಚಿತವಾದ ಊರು ಚಳ್ಳಕೆರೆ ತಾಲ್ಲೂಕಿನ ತಳಕು. ಅದರ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಿಲಾಶಾಸನಗಳಿವೆ. ಬಿ. ಎಲ್. ರೈಸರು ಇವನ್ನು 1892ರಲ್ಲಿ ಬೆಳಕಿಗೆ ತಂದರು. ಕ್ರಿ. ಪೂ. 3ನೆಯ ಶತಮಾನದ ಈ ಪ್ರಾಕೃತ ಲೇಖಗಳಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಎರಡು ಪದಗಳು ದೊರೆಯುತ್ತವೆ. ಧರ್ಮಪ್ರಯತ್ನವು ‘ಚಿರಠಿತೀಕ’ವಾಗಲಿ, ಎಂದರೆ ಬಹುಕಾಲ ನಿಲ್ಲುವಂಥದಾಗಲಿ, ಎಂಬುದು ಒಂದು; ತಂದೆತಾಯಿಗಳ ಶುಶ್ರೂಷೆ, ಗುರುಗೌರವ ಮೊದಲಾದ ಪುರಾತನ ನಡತೆಯು ದೀರ್ಘಾಯುಷ್ಯಕ್ಕೆ ಸಾಧನವೆಂಬರ್ಥದ ‘ದೀಘಾವುಸ’ ಎಂಬುದು ಮತ್ತೊಂದು. ಚಕ್ರವರ್ತಿಯು ಇಲ್ಲಿ ಅನಂತಕಾಲವನ್ನು ಬೇಡಲಿಲ್ಲ. ಚಿರಕಾಲವನ್ನು ಮಾತ್ರ ಬೇಡಿದನು. ‘ದೀಘಾವುಸ’ದಲ್ಲಿರುವ ಆಯುಸ್ ಶಬ್ದವೂ ಲ್ಯಾಟಿನಿನ ಈವುಮ್ ಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವುದರಿಂದ, ಎಟರ್ನಲ್ ಎಂಬ ಶಬ್ದದ ದೂರದ ಬಂಧುವೊಂದು ಬ್ರಹ್ಮಗಿರಿಯ ಬಂಡೆಯ ಮೇಲೆಯೇ ಇದ್ದಂತಾಯಿತು.

ಆ ಬಂಡೆಯನ್ನು ಸ್ಥಳೀಯರು ಅಕ್ಷರಗುಂಡು ಎಂದು ಕರೆದರು. ಅಕ್ಷರವೆಂದರೆ ಲಿಪಿಯೂ ಹೌದು, ನಾಶವಿಲ್ಲದುದೂ ಹೌದು. ಆದರೆ ಜಟಿಂಗ ರಾಮೇಶ್ವರದ ಶಾಸನಕ್ಕೆ ಬಳೆಗಾರಗುಂಡು ಎಂಬ ಹೆಸರು ಬಂದಿತು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರು. ಅಲ್ಲಿಯ ಅಕ್ಷರಗಳು ಬಹಳವಾಗಿ ಸವೆದುಹೋಗಿವೆ. ಚಿರಸ್ಥಿತಿಯನ್ನು ಹಾರೈಸಿದ ಕಲ್ಲಿಗೇ ಚಿರಸ್ಥಿತಿಯು ಪೂರ್ಣವಾಗಿ ಲಭಿಸಲಿಲ್ಲ.

ದಿಲ್ಲಿಯಲ್ಲಿರುವ ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ ಅಶೋಕನೇ ಇನ್ನೊಂದು ಅಳತೆಯನ್ನು ಕೊಡುತ್ತಾನೆ: ಮಕ್ಕಳು ಮರಿಮಕ್ಕಳಿರುವವರೆಗೆ, ಚಂದ್ರಸೂರ್ಯರಿರುವವರೆಗೆ. ಕನ್ನಡ ದಾನಶಾಸನಗಳ ‘ಆಚಂದ್ರಾರ್ಕತಾರಂಬರಂ’ ಎಂಬ ಮಾತೂ ಕ್ರಯಪತ್ರಗಳ ‘ಪುತ್ರಪೌತ್ರ ಪಾರಂಪರ್ಯವಾಗಿ’ ಎಂಬ ಮಾತೂ ಇದೇ ಪರಂಪರೆಯವು. ಇವೆರಡೂ ಕಾಲವನ್ನು ಕಣ್ಣಿಗೆ ಕಾಣುವ ವಸ್ತುಗಳಿಂದ ಅಳೆಯುತ್ತವೆ. ಇಂಗ್ಲಿಷಿನ ಪರ್ಪೆಚುಅಲ್ ಎಂಬುದಕ್ಕೆ ಸಮೀಪವಾದುವು. ವಚನಕಾರರು ಇದಕ್ಕೆ ಪ್ರತಿಯಾಗಿ ನಿಂತದ್ದೇ ಉಳಿಯುವುದೆಂಬ ನಂಬಿಕೆಯನ್ನು ತಲೆಕೆಳಗು ಮಾಡಿ, ಸ್ಥಾವರಕ್ಕಿಂತ ಜಂಗಮಕ್ಕೆ ನಿತ್ಯತ್ವವನ್ನು ಕೊಟ್ಟರು. ಹೀಗೆ ಸ್ಥಿರತೆಯೂ ನಿತ್ಯತೆಯೂ ಒಂದೇ ಅಲ್ಲವೆಂಬ ವಿವೇಕವು ಕನ್ನಡದಲ್ಲಿ 12ನೆಯ ಶತಮಾನದಲ್ಲಿಯೇ ಮೂಡಿತ್ತು.

ಪರ್ಮನೆಂಟ್ ಎಂಬುದಕ್ಕೆ ಆಡಳಿತದ ಕನ್ನಡವು ಅರಬ್ಬಿ ಮೂಲದ ‘ಕಾಯಂ’ ಎಂಬ ಪದವನ್ನು ಅಳವಡಿಸಿಕೊಂಡಿದೆ. ಅದರ ಮೂಲಾರ್ಥವೂ ನಿಂತಿರುವುದೆಂದೇ. ಈ ಬಗೆಯ ಸ್ಥಿರತೆಯು ಒಪ್ಪಂದವನ್ನೋ ಅಧಿಕಾರವನ್ನೋ ಅವಲಂಬಿಸಿದ್ದು. 1793ರಲ್ಲಿ ಬಂಗಾಳದಲ್ಲಿ ಕಾರ್ನ್‌ವಾಲಿಸನು ಕಾಯಂ ಎಂದು ಸಾರಿದ ಕಂದಾಯದ ಏರ್ಪಾಡು 1950ರ ದಶಕದಲ್ಲಿ ಜಮೀನ್ದಾರಿಯ ರದ್ದಿಯೊಡನೆ ಕೊನೆಗೊಂಡಿತು. ಕಾಯಂ ಆದುದು ಮುಗಿಯಬಹುದು, ನಿತ್ಯವಾದುದು ಮುಗಿಯಲಾರದು.

ಅಚ್ಚಗನ್ನಡದ ಸಂಪತ್ತೂ ಅಲ್ಪವಲ್ಲ. ‘ಎಂದೆಂದಿಗೂ’, ‘ಕೊನೆಯಿಲ್ಲದ’, ‘ಅಳಿವಿಲ್ಲದ’ ಎಂಬ ಮಾತುಗಳು ಎವರ್‌ಲಾಸ್ಟಿಂಗ್ ಎಂಬುದರ ಭಾವವನ್ನು ಸರಳವಾಗಿ ತರುತ್ತವೆ. ‘ನೆಲೆ’ಯೂ ‘ಬಾಳಿಕೆ’ಯೂ ವಸ್ತುಗಳ ಸ್ಥಿರತೆಗೆ ಒಪ್ಪುತ್ತವೆ. ಬೈಬಲಿನ ಭಾಷಾಂತರಕಾರರು ಶಾಶ್ವತವನ್ನು ಬಿಟ್ಟು ‘ನಿತ್ಯಜೀವ’ವೆಂಬ ಸಮಾಸವನ್ನು ಆರಿಸಿಕೊಂಡದ್ದು ಗಮನಾರ್ಹ.

ಆದುದರಿಂದ ಕಾಲಾತೀತವಾದುದಕ್ಕೆ ನಿತ್ಯ ಅಥವಾ ಕೂಟಸ್ಥ, ಕಡಿಯದೆ ಸಾಗುವುದಕ್ಕೆ ನಿರಂತರ, ಕೊನೆಯಿಲ್ಲದುದಕ್ಕೆ ಅನಂತ, ದೀರ್ಘಕಾಲ ನಿಲ್ಲುವುದಕ್ಕೆ ಚಿರ, ವ್ಯವಹಾರದ ಸ್ಥಿರತೆಗೆ ಕಾಯಂ ಎಂಬ ವಿನಿಯೋಗವನ್ನು ಪಾಠಗಳಲ್ಲಿಯೂ ಭಾಷಾಂತರಗಳಲ್ಲಿಯೂ ಅನುಸರಿಸುವುದು ಯುಕ್ತ. ಹಾಗಾದರೆ ‘ಶಾಶ್ವತ’ವೂ ತನ್ನ ಗಾಂಭೀರ್ಯವನ್ನು ಮರಳಿ ಪಡೆಯುವುದು; ವಿದ್ಯಾರ್ಥಿಗೂ ಯಾವುದು ಅಳಿಯತಕ್ಕದ್ದು, ಯಾವುದು ಅಳಿಯದು ಎಂಬುದನ್ನು ಶಬ್ದದಿಂದಲೇ ತಿಳಿಯಲು ಅನುಕೂಲವಾಗುವುದು.