ವೀರ್ಯಾಣುವಿನ ಕಿಣ್ವಗಳು ಮತ್ತು ಗರ್ಭಧಾರಣೆ

ಮದುವೆಯಾಗಿ ಕೆಲವು ವರ್ಷಗಳಾದರೂ ಮಕ್ಕಳಾಗದಿದ್ದರೆ ದೋಷವನ್ನು ಹೆಂಡತಿಯ ಮೇಲೆಯೇ ಹೊರಿಸುವುದುಂಟು. ಇದು ಸರಿಯಲ್ಲ. ಗರ್ಭ ನಿಲ್ಲಲು ಪತ್ನಿಯ ಅಂಡಾಣು ಎಷ್ಟು ಮುಖ್ಯವೋ ಪತಿಯ ವೀರ್ಯಾಣುವಿನ ಸಾಮರ್ಥ್ಯವೂ ಅಷ್ಟೇ ಮುಖ್ಯ. ಈ ಸಾಮರ್ಥ್ಯಕ್ಕೆ ಕಿಣ್ವಗಳು ಹೇಗೆ ನೆರವಾಗುತ್ತವೆಂಬುದನ್ನು ನೀವಿಬ್ಬರೂ ತಿಳಿದಿರುವುದು ಒಳ್ಳೆಯದು.

ಕಿಣ್ವವೆಂದರೇನು?

ಜೀವಿಗಳಲ್ಲಿ ಒಂದು ವಸ್ತುವು ಮತ್ತೊಂದಾಗಿ ಮಾರ್ಪಡುವ ಕ್ರಿಯೆಯನ್ನು ತ್ವರಿತಗೊಳಿಸುವ ಪದಾರ್ಥವೇ ಕಿಣ್ವ. ಮೊಳಕೆ ಬಂದ ರಾಗಿಗೆ ಸಿಹಿ ಬರುವುದನ್ನು ನೀವು ಬಲ್ಲಿರಿ. ಕಾಳಿನಲ್ಲಿರುವ ಪಿಷ್ಟವನ್ನು ಕಿಣ್ವವು ಸಕ್ಕರೆಯಾಗಿಸುವುದೇ ಇದಕ್ಕೆ ಕಾರಣ.

ವೀರ್ಯಾಣುವಿನ ಕಾರ್ಯ

ಹೊರಬಂದೊಡನೆ ಗಟ್ಟಿಯಾಗುವ ವೀರ್ಯವು ತನ್ನಲ್ಲಿರುವ ಕಿಣ್ವಗಳಿಂದ ಸಾಮಾನ್ಯವಾಗಿ 15ರಿಂದ 30 ನಿಮಿಷಗಳಲ್ಲಿ ತೆಳುವಾಗುತ್ತದೆ. ಆಗ ವೀರ್ಯಾಣುಗಳ ಚಲನೆ ಸುಗಮವಾಗುತ್ತದೆ. ಆದರೂ ಅವು ಕೂಡಲೇ ಅಂಡಾಣುವನ್ನು ಹೊಗಲಾರವು. ಸ್ತ್ರೀಯ ದೇಹದೊಳಗೆ ಕೆಲವು ಗಂಟೆಗಳ ಕಾಲ ಇದ್ದು ಅದಕ್ಕೆ ಸಿದ್ಧಗೊಳ್ಳಬೇಕು. ಈ ಸಂಗತಿಯನ್ನು ಚಾಂಗ್ ಮತ್ತು ಆಸ್ಟಿನ್ ಎಂಬ ವಿಜ್ಞಾನಿಗಳು 1951ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದರು.

ಅಂಡಾಣುವಿನ ಸುತ್ತಲೂ ಅಂಟಿನಿಂದ ಕೂಡಿದ ಜೀವಕೋಶಗಳೂ ಅವುಗಳ ಒಳಗೆ ದಪ್ಪನೆಯ ಹೊದಿಕೆಯೂ ಇವೆ. ವೀರ್ಯಾಣುವಿನ ತಲೆಯಲ್ಲಿರುವ ಹಯಲುರಾನಿಡೇಸ್ ಎಂಬ ಕಿಣ್ವವು ಅಂಟನ್ನು ಸಡಿಲಿಸುತ್ತದೆ. ತಲೆಯ ಮೇಲೆ ಟೊಪ್ಪಿಗೆಯಂತಿರುವ ಆಕ್ರೊಸೋಮ್ ಎಂಬ ಚೀಲವು ಒಡೆದಾಗ ಆಕ್ರೊಸಿನ್ ಮೊದಲಾದ ಕಿಣ್ವಗಳು ಹೊರಬಂದು ಹೊದಿಕೆಯನ್ನು ದಾಟಲು ನೆರವಾಗುತ್ತವೆ. ಬಾಲದ ಬಲವಾದ ಬಡಿತವೂ ಇದಕ್ಕೆ ಬೇಕು.

ಕೆಲವು ಪುರುಷರಲ್ಲಿ ಹುಟ್ಟಿನಿಂದಲೇ ಬಂದ ದೋಷದಿಂದ ಈ ಟೊಪ್ಪಿಗೆ ಇರುವುದಿಲ್ಲ. ಇಂಥ ವೀರ್ಯಾಣುಗಳ ಸಂಖ್ಯೆ ಸಾಕಷ್ಟಿದ್ದರೂ ಅವು ತಾವಾಗಿ ಅಂಡಾಣುವನ್ನು ಸೇರಲಾರವು. ಇದು ಅಪರೂಪ. ಪುರುಷತ್ವ ಚೆನ್ನಾಗಿದ್ದ ಮಾತ್ರಕ್ಕೆ ಸಂತಾನಶಕ್ತಿಯೂ ಇದೆಯೆಂದು ಭಾವಿಸಬಾರದೆಂಬುದಕ್ಕೆ ಇದೇ ನಿದರ್ಶನ.

ನೀವು ಮಾಡಬೇಕಾದುದು

ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಿರಿ. ಪತ್ನಿಗೆ 35 ವರ್ಷ ಮೀರಿದ್ದರೆ ಆರು ತಿಂಗಳಿಗೇ ಹೋಗಿರಿ. ವೀರ್ಯಪರೀಕ್ಷೆಗೆ ನೋವಿಲ್ಲ, ಶಸ್ತ್ರಕ್ರಿಯೆ ಬೇಕಿಲ್ಲ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಬೀಡಿ, ಸಿಗರೇಟು, ಹೊಗೆಸೊಪ್ಪು, ಮದ್ಯಗಳನ್ನು ವರ್ಜಿಸಿರಿ. ವೀರ್ಯಾಣು ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾದ್ದರಿಂದ ಫಲವು ಕೂಡಲೇ ಕಾಣದು, ತಾಳ್ಮೆಯಿರಲಿ. ವೈದ್ಯರ ಸಲಹೆಯಿಲ್ಲದೆ ಪುಡಿ, ಲೇಹ್ಯಗಳಿಗೆ ಹಣ ತೆರಬೇಡಿರಿ.

ಬ್ರಸೆಲ್ಸ್ ನಗರದ ವೈದ್ಯರು ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ವಿಧಾನದಿಂದ ಶಿಶುಗಳು ಜನಿಸಿದುದನ್ನು 1992ರಲ್ಲಿ ಪ್ರಕಟಿಸಿದರು. ಈ ಚಿಕಿತ್ಸೆ ಇಂದು ನಮ್ಮ ದೇಶದಲ್ಲಿಯೂ ಇದೆ. ಇದು ವೆಚ್ಚದ್ದು, ಎಲ್ಲರಿಗೂ ಫಲಿಸುವಂಥದಲ್ಲ. ಆದರೆ ಪರೀಕ್ಷೆಯಿಲ್ಲದೆ ಯಾವ ಚಿಕಿತ್ಸೆಯೂ ಇಲ್ಲ. ಪತ್ನಿಯನ್ನು ಬಂಜೆಯೆಂದು ಜರೆಯುವ ಮೊದಲು ಪತಿಯೂ ಪರೀಕ್ಷೆಗೆ ಒಳಗಾಗುವುದು ನ್ಯಾಯ.