ಮುಟ್ಟು ಮುಂದೂಡುವ ಮಾತ್ರೆ: ಆಮೇಲೆ ಬರುವ ತಲೆನೋವನ್ನು ಕಡೆಗಣಿಸಬೇಡಿ

ಮನೆಯಲ್ಲಿ ಮದುವೆ, ಊರಿನಲ್ಲಿ ಹಬ್ಬ, ವೇಳಾಂಗಣ್ಣಿ ಯಾತ್ರೆ ಹತ್ತಿರವಾದಾಗ ವೈದ್ಯರನ್ನು ಕೇಳದೆ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸಿಕೊಳ್ಳುವ ರೂಢಿ ನಮ್ಮ ನಾಡಿನಲ್ಲಿದೆ. ಮೂಕಂಡಪಲ್ಲಿಯ ನಮ್ಮ ಕುಟುಂಬಗಳೂ ಇದರ ಬಗ್ಗೆ ಒಂದು ಮಾತು ತಿಳಿದಿರುವುದು ಒಳ್ಳೆಯದು.

ಇದಕ್ಕಾಗಿ ಸಾಮಾನ್ಯವಾಗಿ ಬಳಸುವುದು ನಾರೆಥಿಸ್ಟೆರೋನ್ ಎಂಬ ಹಾರ್ಮೋನ್. ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ಅದರ ಒಂದಂಶ ದೇಹದೊಳಗೆ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ಕೆಲವರು ಈಸ್ಟ್ರೋಜೆನ್ ಬೆರೆತ ಮಾತ್ರೆಗಳನ್ನೇ ನುಂಗುತ್ತಾರೆ. ಈಸ್ಟ್ರೋಜೆನ್ ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಬಹು ಅಪರೂಪವಾಗಿ, ಮಿದುಳಿನಿಂದ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳದಲ್ಲೇ ಹೆಪ್ಪು ಕಟ್ಟುತ್ತದೆ. ಆಗ ರಕ್ತ ಹೊರಹೋಗಲಾರದೆ ಮಿದುಳು ಊದಿಕೊಳ್ಳುತ್ತದೆ. ನೀರು ಕುಡಿಯದೆ ಬಿಸಿಲಲ್ಲಿ ಯಾತ್ರೆ ಮಾಡಿದರೆ ಅಪಾಯ ಇನ್ನಷ್ಟು.

ಇದರ ಲಕ್ಷಣಗಳೇನು? ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು. ಇದನ್ನು ಪಿತ್ತವೆಂದೋ ದೃಷ್ಟಿಯೆಂದೋ ತಿಳಿದು ದಿನ ಕಳೆಯಬಾರದು. ತಕ್ಷಣ 108ಕ್ಕೆ ಕರೆಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮಿದುಳು ಮತ್ತು ನರರೋಗಗಳಿಗೆ ಹೆಸರಾದ ನಿಮ್ಹಾನ್ಸ್ ಸಂಸ್ಥೆ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ಇದೆ. ಎಂ.ಆರ್.ಐ. ಪರೀಕ್ಷೆಯಲ್ಲಿ ಹೆಪ್ಪು ಪತ್ತೆಯಾಗುತ್ತದೆ. ಬೇಗ ಚಿಕಿತ್ಸೆ ದೊರೆತರೆ ಹೆಚ್ಚಿನವರು ಗುಣಮುಖರಾಗುತ್ತಾರೆ.

ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣ ಮುಂದೆ ಮಿಂಚು ಬಂದು ಅರೆತಲೆನೋವು ಕಾಡುವವರು, ರಕ್ತದೊತ್ತಡ ಇರುವವರು, ಹೊಸದಾಗಿ ಹೆತ್ತ ತಾಯಂದಿರು ವೈದ್ಯರನ್ನು ಕೇಳದೆ ಇಂಥ ಮಾತ್ರೆ ಮುಟ್ಟಲೇಬಾರದು. ಆದರೆ ಅತಿಯಾದ ರಕ್ತಸ್ರಾವ ಮೊದಲಾದ ತೊಂದರೆಗಳಿಗೆ ವೈದ್ಯರೇ ಕೊಟ್ಟ ಹಾರ್ಮೋನನ್ನು ಹೆದರಿ ನಿಲ್ಲಿಸಬೇಡಿ. ಸಂಶಯವಿದ್ದರೆ ಅವರನ್ನೇ ಕೇಳಿರಿ.

ಪ್ರಿಯ ಸಹೋದರಿಯರೇ, ದೇವಾಲಯಕ್ಕೆ ಬರಲೆಂದು ಯಾರೂ ಈ ಮಾತ್ರೆ ನುಂಗಬೇಕಾಗಿಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀ ತಮ್ಮ ಉಡುಪನ್ನು ಮುಟ್ಟಿದಾಗ ಯೇಸುಸ್ವಾಮಿ ಗದರಿಸಲಿಲ್ಲ, ಮಗಳೆಂದು ಕರೆದರು. ಮುಟ್ಟಾದವಳಿಗೆ ದೇವಾಲಯವನ್ನಾಗಲಿ ಪರಮಪ್ರಸಾದವನ್ನಾಗಲಿ ನಿರಾಕರಿಸಬಾರದೆಂದು ಮಹಾ ಗ್ರೆಗೋರಿ ಪೋಪರು ಸುಮಾರು 1,400 ವರ್ಷಗಳ ಹಿಂದೆಯೇ ಬರೆದರು.

ಗಂಡಂದಿರಿಗೂ ಅತ್ತೆಯರಿಗೂ ಒಂದು ಮಾತು: ಮನೆಯ ಹೆಣ್ಣುಮಗಳು ತಲೆನೋವೆಂದರೆ, ಏನಾದರೂ ಮಾತ್ರೆ ತೆಗೆದುಕೊಂಡೆಯಾ ಎಂದು ಪ್ರೀತಿಯಿಂದ ಕೇಳಿರಿ. ಮಾತ್ರೆಯ ಪಟ್ಟಿಯನ್ನು ಆಸ್ಪತ್ರೆಗೂ ತೆಗೆದುಕೊಂಡು ಹೋಗಿರಿ. ನಾಚಿಕೆಯಿಂದ ಮುಚ್ಚಿಟ್ಟ ಆ ಒಂದು ಮಾತು ವೈದ್ಯರಿಗೆ ತಿಳಿದರೆ ಒಂದು ಜೀವ ಉಳಿಯಬಹುದು.